ಎಂಟು ವರ್ಷದ ಮಗಳ ತೂಕ ಹೆಚ್ಚುತ್ತಿದೆ, ಅವಳಿಗೆ ಬೇರೆ ಅಡುಗೆ ಮಾಡಬೇಕೇ?

ಎಂಟು ವರ್ಷದ ಮಗಳ ತೂಕ ಎತ್ತರಕ್ಕೆ ತಕ್ಕಂತಿಲ್ಲ ಎಂದು ವೈದ್ಯರು ಎಚ್ಚರಿಸಿದ್ದಾರೆ, ಹನ್ನೊಂದರ ಮಗ ಸಪೂರವಾಗಿದ್ದಾನೆ, ಮನೆಯ ಹಿರಿಯರು "ಬೆಳೆಯುತ್ತಾ ತಾನೇ ಇಳಿಯುತ್ತದೆ" ಎನ್ನುತ್ತಾರೆ. ಹೀಗಿರುವಾಗ ಮಗಳೊಬ್ಬಳಿಗೆ ಪಥ್ಯ ಮಾಡಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಹಾಗೆಂದು ಹಿರಿಯರ ಮಾತು ನಂಬಿ ಸುಮ್ಮನಿರುವುದೂ ಬೇಡ. ಈ ವಯಸ್ಸಿನಲ್ಲಿ ಬಂದ ಬೊಜ್ಜು ದೊಡ್ಡವರಾದ ಮೇಲೂ ಉಳಿದುಬಿಡುವ ಸಾಧ್ಯತೆ ಹೆಚ್ಚು. ಬದಲಾಗಬೇಕಾದದ್ದು ಇಡೀ ಮನೆಯ ಊಟ, ಆಟ, ನಿದ್ದೆಯ ಕ್ರಮ.

ನಾನು ಮಕ್ಕಳ ಆಹಾರ ತಜ್ಞೆ. ಸಲಹೆ ಕೇಳಲು ಬರುವ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವೊಂದಿದೆ. ಅಣ್ಣನ ಕೈಯಲ್ಲಿ ಚಿಪ್ಸ್ ಪೊಟ್ಟಣ, ಪಕ್ಕದ ಕುರ್ಚಿಯಲ್ಲಿ ತಂಗಿಯ ಕೈಯಲ್ಲಿ ನೀರಿನ ಬಾಟಲಿ. ಪೊಟ್ಟಣದ ಸದ್ದಾದಾಗಲೆಲ್ಲ ಅವಳ ಕಣ್ಣು ಅತ್ತ ಹೊರಳುತ್ತದೆ, ಅಮ್ಮ ನೋಡಿದೊಡನೆ ನೆಲ ನೋಡುತ್ತದೆ. ಆ ಮಗು ಅಲ್ಲಿ ಕಲಿಯುತ್ತಿರುವುದು ಆರೋಗ್ಯದ ಪಾಠವನ್ನಲ್ಲ. ತನ್ನಲ್ಲೇನೋ ಕೊರತೆಯಿದೆ, ತಿನ್ನಬೇಕೆನಿಸಿದರೆ ಯಾರೂ ಇಲ್ಲದಾಗ ತಿನ್ನಬೇಕು ಎಂಬುದನ್ನು. ಕಣ್ಣೆದುರೇ ಇಟ್ಟು ನಿಷೇಧಿಸಿದ ತಿನಿಸಿನ ಮೇಲೆ ಮಕ್ಕಳ ಆಸೆ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ಲಿಯಾನ್ ಬರ್ಚ್ ಎಂಬ ಅಮೆರಿಕದ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಪ್ರಯೋಗ ಮಾಡಿ ತೋರಿಸಿದ್ದಾರೆ. ಚಿಪ್ಸ್ ಸಪೂರ ಹುಡುಗನಿಗೂ ಪೌಷ್ಟಿಕವಲ್ಲ. ಮನೆಯಲ್ಲಿ ಅದು ದಿನವೂ ಇರಬಾರದು, ಯಾರಿಗೂ.

ಇದು ನನ್ನೊಬ್ಬಳ ಅಭಿಪ್ರಾಯವೂ ಅಲ್ಲ. ಅಮೆರಿಕದ ಸಂಶೋಧಕ ಲೆನಾರ್ಡ್ ಎಪ್‌ಸ್ಟೈನ್ ಮತ್ತು ಸಂಗಡಿಗರು ಬೊಜ್ಜಿನ ಚಿಕಿತ್ಸೆ ಪಡೆದ ಮಕ್ಕಳನ್ನು ಹತ್ತು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಗುವಿನ ಜೊತೆ ತಂದೆಯೋ ತಾಯಿಯೋ ತಮ್ಮ ಅಭ್ಯಾಸ ಬದಲಿಸಿಕೊಂಡಿದ್ದ ಗುಂಪಿನಲ್ಲಿ, ಮಕ್ಕಳ ಅಧಿಕ ತೂಕದ ಪ್ರಮಾಣ ಹತ್ತು ವರ್ಷ ಕಳೆದರೂ ಮೊದಲಿಗಿಂತ ಕೆಳಗೇ ಇತ್ತು. ಇಸ್ರೇಲಿನ ಸಂಶೋಧಕಿ ಮೋರಿಯಾ ಗೋಲನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳನ್ನು ಕರೆಯದೆ ಹೆತ್ತವರಿಗಷ್ಟೇ ತರಬೇತಿ ಕೊಟ್ಟರು. ಮಕ್ಕಳಿಗೇ ನೇರವಾಗಿ ಪಥ್ಯ ಕಲಿಸಿದ ಗುಂಪಿಗಿಂತ ಈ ಮಕ್ಕಳಲ್ಲಿ ಹೆಚ್ಚು ಸುಧಾರಣೆ ಕಂಡಿತು. ಸಾಮಾನು ತರುವವರು, ಅಡುಗೆ ಮಾಡುವವರು, ಟಿವಿ ಹಾಕುವವರು ನಾವು. ಎಂಟು ವರ್ಷದ ಮಗುವಿನ ಇಚ್ಛಾಶಕ್ತಿಯ ಮೇಲೆ ಭಾರ ಹೊರಿಸುವುದು ನ್ಯಾಯವೂ ಅಲ್ಲ.

ಮೊದಲು ಕೈ ಹಾಕಬೇಕಾದದ್ದು ಸಿಹಿ ಪಾನೀಯಗಳಿಗೆ. ಬೇರೆ ಏನೂ ಆಗದಿದ್ದರೂ ಇದೊಂದು ಆಗಲಿ. 330 ಮಿಲಿಲೀಟರ್ ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಕೂಡಿ ದಿನದ ಒಟ್ಟು ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ದಿನಕ್ಕೆ 1,600 ಕ್ಯಾಲೊರಿ ತಿನ್ನುವ ಮಗುವಿಗೆ ಶೇ 10 ಎಂದರೆ 40 ಗ್ರಾಂ. ಒಂದೇ ಡಬ್ಬಿಯಲ್ಲಿ ಲೆಕ್ಕ ಬಹುಪಾಲು ಮುಗಿಯಿತು, ಹೊಟ್ಟೆ ಮಾತ್ರ ತುಂಬಲಿಲ್ಲ. ಹಣ್ಣಿನ ರಸವೂ ಈ ಲೆಕ್ಕದಲ್ಲೇ ಬರುತ್ತದೆ ಎಂಬುದನ್ನು ಗಮನಿಸಿ. ಹಣ್ಣನ್ನು ಹಣ್ಣಾಗಿಯೇ ಕೊಡಿ. ಬಾಯಾರಿದರೆ ನೀರು, ದೊಡ್ಡವರಿಗೂ ನೀರು.

ಊಟದ ವಿಷಯದಲ್ಲಿ ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ ಹೇಳಿದ ಪಾಲು ಹಂಚಿಕೆ ನನಗೆ ಬಹಳ ಇಷ್ಟ. ಏನು ಬಡಿಸಬೇಕು, ಯಾವಾಗ, ಎಲ್ಲಿ ಎಂಬುದು ಹೆತ್ತವರಿಗೆ ಬಿಟ್ಟದ್ದು. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು. "ತಟ್ಟೆ ಖಾಲಿ ಮಾಡು" ಎಂಬ ಒತ್ತಾಯವೂ "ಸಾಕು, ಇನ್ನು ತಿನ್ನಬೇಡ" ಎಂಬ ಗದರಿಕೆಯೂ ಮಗುವಿಗೆ ತನ್ನ ಹಸಿವಿನ ಅರಿವನ್ನೇ ಮರೆಸಿಬಿಡುತ್ತವೆ. ಹೊತ್ತಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಕುಳಿತು, ಟಿವಿ, ಮೊಬೈಲ್ ದೂರ ಇಟ್ಟು ಉಣ್ಣಿ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ. ತರಕಾರಿ ಬೇಡ ಎಂದರೆ ಬೇಸರಿಸಬೇಡಿ. ಹೊಸ ರುಚಿ ಒಗ್ಗಲು ಹತ್ತಾರು ಸಲ ಬಡಿಸಬೇಕಾಗಬಹುದು. ಒತ್ತಾಯವಿಲ್ಲದೆ ಒಂದು ಚೂರು ತಟ್ಟೆಯಲ್ಲಿರಲಿ, ಅದೇ ತರಕಾರಿಯನ್ನು ನೀವು ತಿನ್ನುವುದು ಅವಳಿಗೆ ಕಾಣಲಿ.

ನಿದ್ದೆಯನ್ನು ಬಹಳ ಮನೆಗಳಲ್ಲಿ ತೂಕದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಮರುದಿನ ಹೆಚ್ಚು ತಿನ್ನುತ್ತದೆ, ಕಡಿಮೆ ಓಡಾಡುತ್ತದೆ. ಮಲಗುವ ಕೋಣೆಯಲ್ಲಿ ಯಾವ ಪರದೆಯೂ ಬೇಡ, ನಿಮ್ಮ ಮೊಬೈಲ್ ಕೂಡ ಹೊರಗಿರಲಿ. ದಿನಕ್ಕೆ ಸರಾಸರಿ 60 ನಿಮಿಷ ಮೈಬಿಸಿಯಾಗುವಂತಹ ಆಟವಿರಬೇಕು. ಅದನ್ನು ವ್ಯಾಯಾಮ ಎಂದು ಕರೆದು ಶಿಕ್ಷೆಯಾಗಿಸಬೇಡಿ: ಚೆಂಡಾಟ, ಕುಣಿತ, ಸೈಕಲ್, ಊಟದ ನಂತರ ಎಲ್ಲರೂ ಸೇರಿ ನಡೆಯುವುದು, ಯಾವುದಾದರೂ ಸರಿ. ಅಣ್ಣನೂ ಜೊತೆಗಿರಲಿ.

ಹಿರಿಯರು ಪ್ರೀತಿಯಿಂದ ಸಿಹಿ ಕೊಡುತ್ತಾರೆ, ಜಗಳವಾಡಿ ತಡೆಯಬೇಡಿ. ಸಿಹಿಯ ಬದಲು ಕತೆ ಹೇಳುವುದು, ಮಗಳ ಕೈ ಹಿಡಿದು ಸುತ್ತಾಡಿಸಿ ಬರುವುದು ಅವರ ಪಾಲಿಗೆ ಬರಲಿ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ: ಮನೆಯಲ್ಲಿ ಯಾರೂ ಅವಳನ್ನು "ಗುಂಡಮ್ಮ" ಎಂದು ಕರೆಯಕೂಡದು, ಮುದ್ದಿಗೂ ಕೂಡದು. ತೂಕದ ಬಗ್ಗೆ ಹೀಯಾಳಿಕೆ ಕೇಳಿದ ಮಕ್ಕಳಲ್ಲಿ ತೂಕ ಇನ್ನಷ್ಟು ಹೆಚ್ಚುವುದೂ ಊಟದ ಅಭ್ಯಾಸ ಕೆಡುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಅವಳೆದುರು ನಿಮ್ಮ ಸ್ವಂತ ಮೈಯನ್ನು ಹಳಿದುಕೊಳ್ಳುವುದನ್ನೂ ಬಿಟ್ಟುಬಿಡಿ.

ಇನ್ನು ತೂಕ ಇಳಿಸುವ ಆತುರ ಬೇಡ. ಅವಳಿನ್ನೂ ಎತ್ತರ ಬೆಳೆಯುತ್ತಿದ್ದಾಳೆ. ಈ ವಯಸ್ಸಿನ ಅನೇಕ ಮಕ್ಕಳಲ್ಲಿ ತೂಕ ಇದ್ದಲ್ಲೇ ನಿಂತರೆ, ಇಲ್ಲವೇ ನಿಧಾನವಾಗಿ ಏರಿದರೆ ಸಾಕು, ಎತ್ತರ ಅದನ್ನು ಸರಿದೂಗಿಸುತ್ತದೆ. ಮನೆಯಲ್ಲಿ ದಿನವೂ ತಕ್ಕಡಿಯ ಮೇಲೆ ನಿಲ್ಲಿಸಬೇಡಿ. ಕೆಲವು ತಿಂಗಳಿಗೊಮ್ಮೆ ವೈದ್ಯರೇ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಲಿ. ಮುಂದಿನ ಭೇಟಿಯಲ್ಲಿ ರಕ್ತದೊತ್ತಡ ನೋಡಲು ಕೇಳಿ. ಅವಳು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದರೆ ಅಥವಾ ಕುತ್ತಿಗೆಯ ಹಿಂಭಾಗದ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಆ ಭೇಟಿಯವರೆಗೆ ಕಾಯಬೇಡಿ. ಮೊದಲನೆಯದು ನಿದ್ದೆಯಲ್ಲಿ ಉಸಿರಾಟಕ್ಕೆ ಅಡ್ಡಿಯಾಗುತ್ತಿರುವುದರ, ಎರಡನೆಯದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಇರಬಹುದು. ಎರಡಕ್ಕೂ ಪರೀಕ್ಷೆಯಿದೆ, ಚಿಕಿತ್ಸೆಯೂ ಇದೆ.