‘ಗನ್‌ಸ್ಮೋಕ್’ ಲೇಖನ ಕಳಿಸಿದವರಿಗೆ

ನಮಸ್ಕಾರ.

‘ಗನ್‌ಸ್ಮೋಕ್’ ಧಾರಾವಾಹಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಚೆನ್ನಾಗಿದೆ. 1955ರಿಂದ 1975ರವರೆಗೆ 635 ಎಪಿಸೋಡ್ ಓಡಿದ ಅಮೆರಿಕದ ಒಂದು ವೆಸ್ಟರ್ನ್, ಅಂದರೆ ಕೌಬಾಯ್ ಕಾಲದ ಟಿವಿ ಕಥೆಯ ಬಗ್ಗೆ ಈಗ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನಿಸಿದ್ದೇ ಸಂತೋಷ. ಆದರೆ ಈ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ.

ನಿಮ್ಮ ಮೊದಲ ಸಾಲು: ‘ಒಳಿತು ಕೆಡುಕುಗಳ ನಿರಂತರ ಸಂಘರ್ಷವನ್ನು ಅದ್ಭುತವಾಗಿ ಕಟ್ಟಿಕೊಡುವ ಧಾರಾವಾಹಿ.’ ಇದನ್ನು ಯಾವ ಪೌರಾಣಿಕ ನಾಟಕಕ್ಕೆ ಬೇಕಾದರೂ ಅಂಟಿಸಬಹುದು. ಎರಡನೇ ಸಾಲು: ‘ಮಾರ್ಷಲ್ ಮ್ಯಾಟ್ ಡಿಲನ್‌ನ ಪಿಸ್ತೂಲಿಗೆ ಎದುರೇ ಇಲ್ಲ.’ ಇಲ್ಲಿ ನನಗೆ ಸಿಟ್ಟೇ ಬಂತು. ಡಿಲನ್ ಧಾರಾವಾಹಿಯ ನಾಯಕ, ಡಾಡ್ಜ್ ಸಿಟಿ ಅನ್ನುವ ಊರಲ್ಲಿ ಕಾನೂನು ಕಾಯುವ ಅಧಿಕಾರಿ. ಟೈಟಲ್‌ನಲ್ಲಿ ಅವನು ಬೀದಿ ನಡುವೆ ನಿಂತು ಗುಂಡು ಹಾರಿಸುತ್ತಾನೆ, ನಿಜ. ಕಥೆಯಲ್ಲಿ? ಮೊಟ್ಟಮೊದಲ ಎಪಿಸೋಡ್‌ನಲ್ಲೇ ಅವನು ಸೋಲುತ್ತಾನೆ, ಅಲ್ವಾ? ಡ್ಯಾನ್ ಗ್ರಾಟ್ ಅನ್ನುವವನು ಅವನಿಗಿಂತ ಬೇಗ ಪಿಸ್ತೂಲು ಎಳೆದು ಹೊಡೆದುಬಿಡುತ್ತಾನೆ. ನಾಯಕ ಬದುಕಿದ್ದೇ ಹೆಚ್ಚು. ಹಾಸಿಗೆಯಲ್ಲಿ ಮಲಗಿ ಯೋಚಿಸುತ್ತಾನೆ: ಗ್ರಾಟ್‌ನ ಗುಂಡಿಗೆ ಬಿದ್ದವರೆಲ್ಲ ಅವನಿಗೆ ತೀರಾ ಹತ್ತಿರ ನಿಂತಿದ್ದವರು. ಅಂದರೆ ಕೈ ಚುರುಕು, ಗುರಿ ಅಷ್ಟಕ್ಕಷ್ಟೆ. ಇನ್ನೂ ಪೂರ್ತಿ ಚೇತರಿಸಿಕೊಳ್ಳದೆಯೇ ಮತ್ತೆ ಎದುರಾಗುತ್ತಾನೆ, ಈ ಸಲ ದೂರದಲ್ಲೇ ನಿಲ್ಲುತ್ತಾನೆ. ಅವನನ್ನು ಗೆಲ್ಲಿಸಿದ್ದು ಆ ದೂರ. ಇದೊಂದನ್ನು ಹೇಳಿದ್ದರೆ ಸಾಕಿತ್ತು. ಅದಕ್ಕೂ ಮೊದಲಿನ, ‘ಲೋನ್ ರೇಂಜರ್’ ತರಹದ ಮಕ್ಕಳ ವೆಸ್ಟರ್ನ್‌ಗಿಂತ ಇದು ಹೇಗೆ ಬೇರೆ ಅಂತ ಓದುಗರಿಗೆ ತಾನಾಗಿ ಹೊಳೆಯುತ್ತಿತ್ತು. ನೀವು ಬರೆದದ್ದು ‘ರೋಮಾಂಚಕ ದೃಶ್ಯಗಳಿಗೆ ಲೆಕ್ಕವಿಲ್ಲ’ ಅಂತ. ಲೆಕ್ಕ ಬೇಡ. ಒಂದು ತೋರಿಸಿ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುವಾಗ ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಹಿರಿಯ ಉಪಸಂಪಾದಕರೊಬ್ಬರ ನಿಯಮ ಗಟ್ಟಿಯಾಗಿತ್ತು. ಬರೆದದ್ದನ್ನು ಮೊದಲು ಅಚ್ಚಿನ ಮೊಳೆ ಜೋಡಿಸುವವರ ಹತ್ತಿರ ಹೋಗಿ, ಆ ಸಿನಿಮಾ ನೋಡದ ಒಬ್ಬರಿಗೆ ಓದಿ ಹೇಳಬೇಕು. ಅವರು ಕೈಕೆಲಸ ನಿಲ್ಲಿಸಿ ‘ಆಮೇಲೆ?’ ಅಂದರೆ ಮಾತ್ರ ಪುಟಕ್ಕೆ. ‘ಅದ್ಭುತ’, ‘ಮನಮೋಹಕ’ ಅಂತ ಓದುವಾಗ ಅವರು ಸುಮ್ನೆ ಮೊಳೆ ಜೋಡಿಸುತ್ತಲೇ ಇರುತ್ತಿದ್ದರು. ಯಾರು ಎಲ್ಲಿ ನಿಂತಿದ್ದ, ಕೈಯಲ್ಲಿ ಏನಿತ್ತು ಅಂತ ಹೇಳಿದಾಗ ತಲೆ ಎತ್ತುತ್ತಿದ್ದರು. ಇವತ್ತಿಗೂ ಯಾವ ಲೇಖನ ಓದಿದರೂ ಅವರ ಮುಖ ಕಣ್ಣ ಮುಂದೆ ಬರುತ್ತದೆ. ನಿಮ್ಮ ಲೇಖನಕ್ಕೆ ಅವರು ತಲೆ ಎತ್ತುತ್ತಿರಲಿಲ್ಲ.

ಇನ್ನೊಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ಅಂದಿನ ಡಾಡ್ಜ್ ಸಿಟಿಯಲ್ಲಿ ದಿನಾ ಬೀದಿಯಲ್ಲಿ ಹೆಣ ಬೀಳುತ್ತಿತ್ತು.’ ಯಾವ ಡಾಡ್ಜ್ ಸಿಟಿ? ಟಿವಿಯದೋ, ಕ್ಯಾನ್ಸಸ್ ರಾಜ್ಯದಲ್ಲಿ ನಿಜವಾಗಿ ಇರುವುದೋ? ಕ್ಯಾನ್ಸಸ್‌ನ ಡಾಡ್ಜ್, ಟೆಕ್ಸಾಸ್‌ನಿಂದ ಹೊಡೆದುಕೊಂಡು ಬಂದ ದನಗಳನ್ನು ರೈಲಿಗೆ ತುಂಬುತ್ತಿದ್ದ ಊರು. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಅಂಥ ಐದು ಊರುಗಳ ಲೆಕ್ಕ ತೆಗೆದಿದ್ದಾರೆ. ಡಾಡ್ಜ್ ಕೂಡ ಅದರಲ್ಲಿದೆ. 1870ರಿಂದ 1885ರವರೆಗೆ ಐದೂ ಊರು ಸೇರಿ ಸಿಕ್ಕಿದ್ದು 45 ಕೊಲೆ. ಊರೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಬಾರದು ಅಂತ ಡಾಡ್ಜ್‌ನಲ್ಲಿ ಬೋರ್ಡೇ ಹಾಕಿದ್ದರು. ಕೌಬಾಯ್‌ಗಳು ದುಡ್ಡು ಖರ್ಚು ಮಾಡಬೇಕು, ಆದರೆ ಗಲಾಟೆ ಜಾಸ್ತಿ ಆಗಬಾರದು. ಅಂಗಡಿಯವರಿಗೆ ಬೇಕಾಗಿದ್ದು ಅದು. ಟಿವಿಗೆ ಪ್ರತಿ ವಾರ ಒಂದು ಜಗಳ ಬೇಕಿತ್ತು, ಅದು ಸರಿ. ಅದನ್ನೇ ಇತಿಹಾಸ ಅಂತ ನಮ್ಮ ಓದುಗರಿಗೆ ಕೊಡಲು ನನಗಾಗದು.

ಮತ್ತೆ ಬರೆದು ಕಳಿಸಿ. 635 ಎಪಿಸೋಡ್‌ಗಳ ಪರಿಚಯ ಬೇಡ, ಆ ಮೊದಲನೆಯದೊಂದೇ ಸಾಕು. ಡಿಲನ್ ಹಾಸಿಗೆ ಹಿಡಿದಾಗ ಊರಿನವರು ಗ್ರಾಟ್‌ನ ಎದುರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಇನ್ನೊಮ್ಮೆ ನೋಡಿ, ಅಲ್ಲಿಂದ ಶುರು ಮಾಡಿ. ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.