ನನಗೇನೂ ಹೊಡೆಯಲ್ಲ ಮೇಡಂ, ಹಸುಗೆ ಹೊಡೀತಾರೆ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸಾವಿತ್ರಿ ನನ್ನ ಹತ್ತಿರ ಆಪ್ತ ಸಮಾಲೋಚನೆಗೆ ಬಂದದ್ದು ಮಗನ ವಿಷಯಕ್ಕೆ. ಒಂಬತ್ತು ವರ್ಷದ ಹುಡುಗ. ಶಾಲೆಯ ಹಿಂದೆ ನಾಯಿಮರಿಯ ಕುತ್ತಿಗೆಗೆ ಹಗ್ಗ ಬಿಗಿದು ಎಳೆದಾಡಿದ್ದ. ಊರಲ್ಲಿ ಕೆಲವರು 'ಹುಡುಗ್ರು ಅಂದ್ಮೇಲೆ ಇದ್ದದ್ದೇ' ಅಂದರು. ಇನ್ನು ಕೆಲವರು 'ಇವ್ನು ಮುಂದೆ ಕೊಲೆಗಾರ ಆಯ್ತಾನೆ' ಅಂದರು. ಎರಡನ್ನೂ ನಾನು ಒಪ್ಪುವುದಿಲ್ಲ.

ಇಂಥ ಮಕ್ಕಳು ಬಂದಾಗ ನಾನು ಮೊದಲು ಕೇಳುವುದು ಮನೆಯಲ್ಲಿರುವ ದನಕರು, ನಾಯಿ ಬೆಕ್ಕಿನ ಬಗ್ಗೆ. ಯಾರು ನೋಡಿಕೊಳ್ಳುತ್ತಾರೆ? ಅವಕ್ಕೆ ಯಾರಾದರೂ ಹೊಡೀತಾರಾ? 'ಗಂಡ ಹೊಡೀತಾರಾ' ಅಂದರೆ ಬಾಯಿ ಬಿಡದ ಹೆಂಗಸರೂ ದನದ ಮಾತು ಬಂದರೆ ಹೇಳಿಬಿಡುತ್ತಾರೆ.

'ನನಗೇನೂ ಹೊಡೆಯಲ್ಲ ಮೇಡಂ. ಕುಡಿದು ಬಂದಾಗ ಹಸುಗೆ ಬಡೀತಾರೆ. ನಾನು ಎದುರು ಮಾತಾಡಿದ್ರೆ ಸೀದಾ ಕೊಟ್ಟಿಗೆಗೆ ಹೋಗ್ತಾರೆ.'

ಆ ಹಸು ತವರಿನವರು ಕೊಟ್ಟಿದ್ದು. ಡೈರಿಗೆ ಹಾಲು ಹಾಕಿ ಬರುವ ದುಡ್ಡಲ್ಲೇ ಮಗನ ಖರ್ಚು, ಮನೆಯ ದಿನಸಿ. ಒಮ್ಮೆ ಸಾವಿತ್ರಿ ಮಗನನ್ನು ಕರೆದುಕೊಂಡು ತವರಿಗೆ ಹೊರಟಾಗ ಗಂಡ 'ನೀನು ವಾಪಸ್ ಬರೋದ್ರೊಳಗೆ ಇದನ್ನ ಸಂತೆಗೆ ಹೊಡ್ಕೊಂಡು ಹೋಗ್ತೀನಿ' ಅಂದನಂತೆ. ಅವರು ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಬಂದರು.

'ಎಲ್ಲಾ ಕುಡಿತದ ತಪ್ಪು ಮೇಡಂ' ಅಂದರು. ಮನೆಯಲ್ಲಿ ಗಂಡನ ಜೋಡೆತ್ತೂ ಇತ್ತು. ಅವಕ್ಕೆ ಹೊಡೆದಿದ್ದು ಉಂಟಾ ಅಂತ ಕೇಳಿದೆ. ಇಲ್ಲ, ಒಂದು ಸಲವೂ ಇಲ್ಲ. ಎಷ್ಟೇ ಕುಡಿದಿದ್ದರೂ ಅವನ ಕೈ ಹೋಗುತ್ತಿದ್ದದ್ದು ಹೆಂಡತಿಯ ಹಸುವಿನ ಮೇಲೆ ಮಾತ್ರ. ಇದನ್ನು ಹೇಳಿದ ಮೇಲೆ ಸಾವಿತ್ರಿ ತುಂಬಾ ಹೊತ್ತು ಅತ್ತರು.

ಪ್ರಾಣಿಯ ಮೇಲಿನ ಹಿಂಸೆಗೂ ಮನೆಯೊಳಗಿನ ಹಿಂಸೆಗೂ ಇರುವ ಈ ನಂಟನ್ನು ಬೇರೆ ಕಡೆಯೂ ಗುರುತಿಸಿದ್ದಾರೆ. ಅಮೆರಿಕದ ಯೂಟಾದಲ್ಲಿ ಫ್ರಾಂಕ್ ಅಸ್ಕಿಯೋನ್ ಎಂಬ ಸಂಶೋಧಕರು ಆಶ್ರಯ ಕೇಂದ್ರ ಸೇರಿದ್ದ 38 ಮಹಿಳೆಯರನ್ನು ಮಾತಾಡಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಪ್ರಾಣಿ ಸಾಕಿದ್ದವರಲ್ಲಿ ಶೇ 71ರಷ್ಟು ಮಂದಿ, ಸಂಗಾತಿಯು ಪ್ರಾಣಿಗೆ ಹಿಂಸೆ ಕೊಟ್ಟಿದ್ದ, ಕೊಂದಿದ್ದ ಅಥವಾ ಹಾಗೆ ಮಾಡುತ್ತೇನೆಂದು ಹೆದರಿಸಿದ್ದ ಅಂದರು. ಪ್ರಾಣಿಯ ಚಿಂತೆಗೇ ಮನೆ ಬಿಡಲು ತಡ ಮಾಡಿದವರೂ ಅವರಲ್ಲಿದ್ದರು. ಅದು ಸಣ್ಣ ಅಧ್ಯಯನ, ಅಲ್ಲಿನ ಮನೆಗಳೂ ಬೇರೆ. ಆದರೆ ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದ ಹೆಂಗಸಿನ ಸಂಕಟ ಅದೇ ಅಲ್ವಾ?

ಅತ್ತೆಯವರು 'ಇಬ್ಬರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಿ' ಅಂದರು. ನಾನು ಮಾಡಲಿಲ್ಲ. ಹೆದರಿಕೆ ಇರುವ ಕಡೆ ಹೆಂಡತಿ ಗಂಡನ ಮುಂದೆ ನಿಜ ಹೇಳಿದರೆ ಅದರ ಬೆಲೆ ಮನೆಗೆ ಹೋದ ಮೇಲೆ ತೆರಬೇಕಾಗುತ್ತದೆ.

ಸಾವಿತ್ರಿಗೆ ಹೇಳಿದ್ದು ಇಷ್ಟು. ನೋಡಮ್ಮ, ದೊಣ್ಣೆಗೂ ಹಸುಗೂ ನಡುವೆ ಹೋಗಿ ನಿಲ್ಲಬೇಡಿ. ಮಗನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ಸಲಹೆ, ಆಶ್ರಯ ಬೇಕಾದರೆ ಮಹಿಳಾ ಸಹಾಯವಾಣಿ 181 ಇದೆ. ಹೊರಡುವುದು ಬಿಡುವುದು ನಿಮ್ಮ ತೀರ್ಮಾನ. ಹೊರಡುವುದಾದರೆ ಗಂಡನಿಗೆ ಮೊದಲೇ ಹೇಳಬೇಡಿ, ಹೆಚ್ಚು ಅಪಾಯ ಇರುವುದೇ ಆಗ. ಮಗ, ಹಸು, ಕಾಗದಪತ್ರ ಒಂದೇ ದಿನ ಆಚೆ ಬರುವ ಹಾಗೆ ಅಣ್ಣನ ಜೊತೆ ಮಾತಾಡಿಟ್ಟುಕೊಳ್ಳಿ.

ಕಾನೂನನ್ನೂ ವಿವರಿಸಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮೈಮೇಲಿನ ಏಟಿನ ಜೊತೆ ಮಾನಸಿಕ ಮತ್ತು ಆರ್ಥಿಕ ಹಿಂಸೆಯೂ ಸೇರಿದೆ. ತವರಿನವರು ಅವರಿಗೇ ಕೊಟ್ಟ ಹಸು ಸ್ತ್ರೀಧನ, ಅಂದರೆ ಅವರದೇ ಸ್ವಂತ ಆಸ್ತಿ. ಅದನ್ನು ಮಾರದಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ದೂರು ಅವರಿಗೆ ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತವಾಗಿ ಸಿಗುತ್ತಾರೆ. ಹಸುವಿನ ಕಿವಿ ಓಲೆಯ 12 ಅಂಕಿಯ ನಂಬರ್ ಬರೆದಿಟ್ಟುಕೊಳ್ಳಿ, ಡೈರಿಯ ಪುಸ್ತಕ ಜೋಪಾನ ಮಾಡಿ, ಗಾಯವಾದಾಗ ಪಶು ವೈದ್ಯರಿಂದ ಬರೆಸಿಕೊಳ್ಳಿ ಅಂದೆ.

ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು ಇದೆ. ಬರೀ ಹೊಡೆದರೆ ಅನ್ವಯವಾಗುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ.

ಹುಡುಗನ ಜೊತೆ ಬೇರೆಯಾಗಿ ಕೂತೆ. ನಾಯಿಮರಿಗೆ ಯಾಕೆ ಹಾಗೆ ಮಾಡಿದೆ ಪುಟ್ಟ ಅಂದಾಗ 'ನಾನು ಹೇಳ್ದಂಗೆ ಕೇಳ್ಲಿ ಅಂತ' ಅಂದ. ಇನ್ನೊಬ್ಬರು ಮಾತು ಕೇಳುವ ಹಾಗೆ ಮಾಡುವುದಕ್ಕೆ ಮನೆಯಲ್ಲಿ ಅವನು ಕಂಡಿದ್ದ ದಾರಿ ಅದೊಂದೇ. ಅವನಿಗೆ ಹೊಡೆಯಬೇಡಿ, ನಾಲ್ಕು ಜನರ ಮುಂದೆ ಹಂಗಿಸಬೇಡಿ ಅಂತ ತಾಯಿಗೂ ಮೇಷ್ಟ್ರಿಗೂ ಹೇಳಿದೆ. ಸದ್ಯಕ್ಕೆ ಪ್ರಾಣಿಗಳ ಜೊತೆ ಅವನೊಬ್ಬನನ್ನೇ ಬಿಡಬಾರದು. ದೊಡ್ಡವರು ಜೊತೆಗಿದ್ದು ಮೇವು ಹಾಕಿಸಲಿ, ಮೈ ಉಜ್ಜಿಸಲಿ.

ಸಾವಿತ್ರಿ ಈಗ ಹಸು ಮತ್ತು ಮಗನ ಜೊತೆ ತವರಿನಲ್ಲಿದ್ದಾರೆ. ಅರ್ಜಿ ಕೋರ್ಟಿನಲ್ಲಿದೆ. ಗಂಡನಿಗೆ ಕುಡಿತ ಬಿಡಿಸುವ ಚಿಕಿತ್ಸೆಗೆ ಹೋಗಲು ಹೇಳಿ ಕಳಿಸಿದ್ದೇನೆ, ಇನ್ನೂ ಹೋಗಿಲ್ಲ. ಹುಡುಗ ಅಜ್ಜನ ಜೊತೆ ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಾನೆ. ಸಿಟ್ಟು ಬಂದಾಗ ಈಗಲೂ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಹಾಗಾಗಿ ಅವನನ್ನು ಕರೆದುಕೊಂಡು ಬರುವುದನ್ನು ನಿಲ್ಲಿಸಬೇಡಿ ಅಂತ ಹೇಳಿದ್ದೇನೆ.