ಮಾಲ್ಡೀವ್ಸ್ ತರಗತಿಯಲ್ಲಿ ಮಕ್ಕಳು ಬಾಯಿ ಬಿಡದಿದ್ದರೆ
ಹೆಚ್ಚಾಗಿ ನಿಮ್ಮ ಇಂಗ್ಲಿಷ್‌ನ ವೇಗವೇ ಕಾರಣ. ನೀವು ಚಿಂತಾಮಣಿಯಿಂದ ಅಲ್ಲಿಗೆ ಕಲಿಸಲು ಹೋದ ಮೇಲೆ, ಅಲ್ಲಿನ ಎಂಟನೇ ತರಗತಿಯವರು ಗಣಿತದಲ್ಲಿ ಏನು ಕೇಳಿದರೂ ಸುಮ್ನೆ ಕೂರುತ್ತಾರೆ ಅಂದಿದ್ದೀರಿ. ಅಲ್ಲಿ ಪಾಠ ಇಂಗ್ಲಿಷ್‌ನಲ್ಲಿ, ಮನೆಮಾತು ದಿವೇಹಿ. ನಮ್ಮ ಉಚ್ಚಾರಣೆ ಅವರ ಕಿವಿಗೆ ಹೊಸದು. ನಾನು ಕೋಲಾರದಿಂದ ಹೋಗಿ ಅಲ್ಲಿ ಗಣಿತ ಕಲಿಸುವಾಗಲೂ ಹೀಗೇ ಇತ್ತು. ನಿಮ್ಮ ಕಡೆ ತೆಲುಗು ಮನೆಮಾತಿನ ಮಕ್ಕಳು ಕನ್ನಡದಲ್ಲಿ ಉತ್ತರ ಹೇಳಲು ಹಿಂಜರಿಯುವುದನ್ನು ನೋಡಿದ್ದೀರಿ ಅಲ್ವಾ? ಅದೇ ಹಿಂಜರಿಕೆ.

ಮೊದಲು, ಹೆಸರು ಕರೆದು ಎದ್ದು ನಿಲ್ಲಿಸುವುದನ್ನು ಬಿಡಿ. ಚಿಕ್ಕ ದ್ವೀಪದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೆಳಿಗ್ಗೆ ಕ್ಲಾಸಿನಲ್ಲಿ ಆದ ಅವಮಾನ ಸಂಜೆಯೊಳಗೆ ಮನೆ ತಲುಪುತ್ತದೆ. ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ.

ಆಮೇಲೆ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆಯಿರಿ. ಎರಡು ನಿಮಿಷ ಪಕ್ಕದವರ ಜೊತೆ ದಿವೇಹಿಯಲ್ಲೇ ಮಾತಾಡಿಕೊಳ್ಳಲಿ. ಉತ್ತರವನ್ನು ಚೀಟಿಯಲ್ಲಿ ತೆಗೆದುಕೊಳ್ಳಿ, ಹೆಸರು ಬೇಡ. ಚೀಟಿ ತುಂಬಿ ಬರತೊಡಗಿದ ಮೇಲೆ ಇಬ್ಬಿಬ್ಬರಾಗಿ ಬಾಯಲ್ಲಿ ಹೇಳಿಸಿ.

ಅವರ ತಾನಾ ಲಿಪಿ ಬಲದಿಂದ ಎಡಕ್ಕೆ ಹೋಗುತ್ತದೆ. ಹಾಗಾಗಿ ಲೆಕ್ಕದ ಹೆಜ್ಜೆಗಳನ್ನು ಒಂದರ ಕೆಳಗೊಂದು ಬರೆದು ನಂಬರ್ ಹಾಕಿ. ಗಣಿತದ ಪದಗಳಿಗೆ ದಿವೇಹಿಯಲ್ಲಿ ಏನೆನ್ನುತ್ತಾರೆ ಎಂದು ಅಲ್ಲಿನ ಟೀಚರ್ ಒಬ್ಬರನ್ನು ಕೇಳಿಟ್ಟುಕೊಳ್ಳಿ.

ಇಷ್ಟಾದರೂ ಚೀಟಿಗಳು ಖಾಲಿ ಬಂದರೆ ನನ್ನ ಊಹೆ ತಪ್ಪಿರಬಹುದು. ಆಗ ಭಿನ್ನರಾಶಿಯಂಥ ಹಳೇ ಪಾಠವೇ ಗಟ್ಟಿಯಾಗಿಲ್ಲ ಅನ್ನಿಸುತ್ತದೆ. ಐದನೇ ತರಗತಿಯ ನಾಲ್ಕು ಲೆಕ್ಕ ಕೊಟ್ಟು ನೋಡಿ. ಅಲ್ಲಿ ವಾರ ಶುರುವಾಗುವುದು ಭಾನುವಾರ, ಅವತ್ತೇ ಚೀಟಿಯಿಂದ ಆರಂಭಿಸಿ.